ಕಾಲೊನಿಗೆ ಒಂದು ಕೋಣೆ ಸಿಕ್ಕಿದೆ, ಎಲ್ಲರಿಗೂ ಆಗುವ ಹಾಗೆ ಏನಿಡೋಣ?

ಸಿ ಬ್ಲಾಕಿನವನು ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ನೂಲಿನ ಗಿರಣಿಯಲ್ಲಿ ರಿಂಗ್ ಫ್ರೇಮ್, ಅಂದರೆ ನೂಲು ತೆಗೆಯುವ ಮೆಷಿನ್ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷದಿಂದ ಕಾರ್ಮಿಕರ ಕ್ವಾರ್ಟರ್ಸ್‌ನಲ್ಲಿದ್ದೇವೆ. ನಾಲ್ಕು ಬ್ಲಾಕ್, 96 ಮನೆ. ಒಂದು ಹಾಲ್, ಒಂದು ಅಡುಗೆಮನೆ, ಮನೆ ಅಂದರೆ ಅಷ್ಟೇ. ನೈಟ್ ಶಿಫ್ಟ್ ಮುಗಿಸಿ ಬಂದವರು ಹಾಲ್‌ನಲ್ಲಿ ಮಲಗಿದರೆ ಉಳಿದವರೆಲ್ಲ ಹೊರಗೆ ಹೋಗಲೇಬೇಕು. ಹಾಗಾಗಿ ನಮ್ಮಲ್ಲಿ ಬಿಡುವು ಅಂದರೆ ಮೆಟ್ಟಿಲು. ಗಂಡಸರು ಕೆಳಗಿನ ಮೆಟ್ಟಿಲಲ್ಲಿ, ಹೆಂಗಸರು ಮೇಲಿನ ಮೆಟ್ಟಿಲಲ್ಲಿ, ಮಕ್ಕಳು ಜಾಗ ಸಿಕ್ಕ ಕಡೆ.

ನೀರಿನ ಟ್ಯಾಂಕ್ ಪಕ್ಕ ಒಂದು ಹಳೇ ಸ್ಟೋರ್ ರೂಮ್ ಇದೆ. 20 ಅಡಿ ಉದ್ದ, 14 ಅಡಿ ಅಗಲ. ಒಂದೇ ಕಿಟಕಿ. ಮುಂದೆ 60 ಅಡಿಗೆ 30 ಅಡಿ ಮಣ್ಣಿನ ಅಂಗಳ. ಇದನ್ನು ಕಾಲೊನಿಯವರ ಆಟಕ್ಕೆ, ಓದಿಗೆ ಬಿಟ್ಟುಕೊಡಿ ಅಂತ ಎರಡು ವರ್ಷದಿಂದ ಕೇಳುತ್ತಿದ್ದೆವು. ಹೋದ ತಿಂಗಳು ಬೀಗದ ಕೈ ಕೊಟ್ಟರು.

ಆದರೆ ಈ ಕೋಣೆಗೆ ಒಂದು ಹಳೇ ಕತೆ ಇದೆ. ಆರು ವರ್ಷದ ಹಿಂದೆಯೂ ಇದನ್ನು ತೆರೆದಿದ್ದರು. ಒಂದು ಕೇರಂ ಬೋರ್ಡ್ ತಂದಿಟ್ಟರು. ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಅದೇ ನಾಲ್ಕು ಜನ ದಿನಾ ಕೂರೋಕೆ ಶುರು ಮಾಡಿದರು. ಆಟಕ್ಕೆ ದುಡ್ಡು ಕಟ್ಟಿದರು. ಕೇರಂ ಹೋಗಿ ಇಸ್ಪೀಟು ಬಂತು. ಹೆಂಗಸರು ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟರು. ಒಂದು ರಾತ್ರಿ ಇಬ್ಬರು ಕೈ ಕೈ ಮಿಲಾಯಿಸಿದರು, ಮಾರನೇ ದಿನ ಬೀಗ ಬಿತ್ತು. ಆವತ್ತು ನನ್ನ ಮಗಳಿಗೆ ಐದು ವರ್ಷ. ಈಗ ಹನ್ನೊಂದು. ಅವಳು ಆ ಕೋಣೆಯ ಒಳಗಡೆ ಹೇಗಿದೆ ಅಂತ ನೋಡಿಯೇ ಇರಲಿಲ್ಲ.

ಮೊನ್ನೆ ಬೀಗ ತೆಗೆದಾಗ ಆ ಬೋರ್ಡ್ ಗೋಡೆಗೆ ಒರಗಿಕೊಂಡೇ ಇತ್ತು. ನೆಲ ತಾಗಿದ ಮೂಲೆ ತೇವಕ್ಕೆ ಉಬ್ಬಿ ಪದರ ಪದರ ಬಿಟ್ಟಿದೆ. ಒಂದು ಪಾಕೆಟ್ಟಿನ ಬಲೆ ಹರಿದಿದ್ದನ್ನು ಯಾರೋ ನೂಲಿನಿಂದ ಹೆಣೆದಿದ್ದಾರೆ. ನಮ್ಮ ಗಿರಣಿಯದೇ ನೂಲು, ಬೆರಳಿಗೆ ಸಿಕ್ಕ ತಕ್ಷಣ ಗೊತ್ತಾಯಿತು. ಡಬ್ಬಿಯಲ್ಲಿ ಕಾಯಿನ್ ಎಣಿಸಿದೆ. 14 ಇದ್ದವು. ಅಷ್ಟು ಅಚ್ಚುಕಟ್ಟಾಗಿ ಬಲೆ ಹೆಣೆದವರು ಯಾರೋ ಗೊತ್ತಿಲ್ಲ. ಅವರಿಗಾದರೂ ಈ ಸಲ ಇದು ನಿಲ್ಲಬೇಕು ಅಂತ ನನಗೆ ಅನ್ನಿಸಿತು.

ಈಗ ಮನೆಮನೆಯಿಂದ ಸ್ವಲ್ಪ ಸ್ವಲ್ಪ ಸೇರಿಸಿದ್ದೇವೆ. ಅರ್ಧ ಜನ ದೊಡ್ಡ ಟೀವಿ ಬೇಕು ಅನ್ನುತ್ತಾರೆ. ಹುಡುಗರು ಟೇಬಲ್ ಟೆನಿಸ್ ಅನ್ನುತ್ತಾರೆ. ಒಂದಿಬ್ಬರು ಪುಸ್ತಕ ಅಂದರು, ಮೆಲ್ಲಗೆ. ನನಗೆ ಏನಿಡಬೇಕು ಅನ್ನುವುದಕ್ಕಿಂತ, ಇದು ಮತ್ತೆ ನಾಲ್ಕು ಜನರ ಕೋಣೆ ಆಗದಿರಲು ಏನು ಮಾಡಬೇಕು ಅನ್ನುವುದೇ ದೊಡ್ಡ ಚಿಂತೆ. ಇಂಥದ್ದನ್ನು ನಡೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಮೂರನೇ ಪಾಳಿ

ನಾನು ಇಂಥ ಕೋಣೆಯನ್ನು ನಾಲ್ಕು ವರ್ಷ ನೋಡಿಕೊಂಡಿದ್ದೇನೆ. ಸಾಮಾನು ತರುವ ಮೊದಲು ಒಂದು ಹಾಳೆ ತಗೊಳ್ಳಿ. ಯಾವ ಮನೆಯಲ್ಲಿ ಯಾರು ಯಾವ ಹೊತ್ತಿಗೆ ಮಲಗುತ್ತಾರೆ ಅಂತ ಬರೆಯಿರಿ. ಒಂದು ವಾರ ಹಿಡಿಯುತ್ತದೆ, ಆದರೆ ಅದಿಲ್ಲದೆ ಮುಂದೆ ಹೋಗಬೇಡಿ. ನಮ್ಮಲ್ಲಿ ಮೊದಲ ಜಗಳ ಬಂದಿದ್ದು ಜೂಜಿನಿಂದ ಅಲ್ಲ, ಸದ್ದಿನಿಂದ. ಬೆಳಿಗ್ಗೆ 6ಕ್ಕೆ ಶಿಫ್ಟ್ ಮುಗಿಸಿ 8ಕ್ಕೆ ಮಲಗಿದವನಿಗೆ 11 ಗಂಟೆ ಅಂದರೆ ನಡುರಾತ್ರಿ. ಹಗಲು ನಿದ್ದೆ ಮೊದಲೇ ತೆಳು. ಕಿಟಕಿ ಹೊರಗೆ ಚೆಂಡು ಪುಟಿದರೆ ಅವನ ದಿನ ಕೆಟ್ಟಿತು, ಆ ರಾತ್ರಿ ಮೆಷಿನ್ ಮುಂದೆ ತೂಕಡಿಸುತ್ತಾನೆ.

ಟೇಬಲ್ ಟೆನಿಸ್ ಆಸೆ ಬಿಡಿ. ಟೇಬಲ್ಲೇ 2.74 ಮೀಟರ್ ಉದ್ದ, 1.525 ಮೀಟರ್ ಅಗಲ, ಅಂದರೆ 9 ಅಡಿಗೆ 5 ಅಡಿ. ನಿಮ್ಮ 20 ಅಡಿಯಲ್ಲಿ ಎರಡೂ ಕಡೆ ಐದೂವರೆ ಅಡಿ ಉಳಿಯುತ್ತದೆ. ಒಂದು ಹೆಜ್ಜೆ ಹಿಂದೆ ಇಟ್ಟರೆ ಗೋಡೆ. ಇಬ್ಬರು ಆಡಿದರೆ ಮಿಕ್ಕವರಿಗೆ ನಿಲ್ಲಲೂ ಜಾಗವಿಲ್ಲ. ಟಕ್ ಟಕ್ ಸದ್ದು ಬೇರೆ.

ಇನ್ನೊಂದು ಮಾತು. ಸೆಕೆಂಡ್ ಶಿಫ್ಟಿನವರನ್ನು ಮರೆಯಬೇಡಿ. ಸಂಜೆ 6ರಿಂದ 9 ಅಂತ ಸಮಯ ಇಟ್ಟರೆ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ದುಡಿಯುವವರಿಗೆ ಆ ಕೋಣೆ ಇದ್ದೂ ಇಲ್ಲ. ದುಡಿಮೆಗೆ ಎಂಟು ಗಂಟೆ, ಬಿಡುವಿಗೆ ಎಂಟು ಗಂಟೆ, ನಿದ್ದೆಗೆ ಎಂಟು ಗಂಟೆ ಅಂತ ಬ್ರಿಟನ್ನಿನ ಗಿರಣಿ ಮಾಲೀಕ ರಾಬರ್ಟ್ ಓವೆನ್ ಹೇಳಿದ್ದು 1817ರಲ್ಲಿ. 1856ರಲ್ಲಿ ಮೆಲ್ಬರ್ನಿನ ಕಲ್ಲುಕುಟಿಗರು ಕೆಲಸ ನಿಲ್ಲಿಸಿ ಬೀದಿಗೆ ಇಳಿದು ಆ ಎಂಟು ಗಂಟೆ ಗಳಿಸಿಕೊಂಡರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಮಾಡಿದ ಮೊಟ್ಟಮೊದಲ ಒಪ್ಪಂದವೇ ಕೆಲಸದ ಗಂಟೆಗಳ ಬಗ್ಗೆ. 1924ರಲ್ಲಿ ಕಾರ್ಮಿಕರ ಬಿಡುವಿನ ವೇಳೆಯ ಬಗ್ಗೆಯೇ ಬೇರೆ ಶಿಫಾರಸು ಹೊರಡಿಸಿತು. ಅಷ್ಟು ಕಷ್ಟಪಟ್ಟು ಸಿಕ್ಕ ಬಿಡುವು ಅದು. ಅದು ರಾತ್ರಿ 10ಕ್ಕೆ ಸಿಗುವವನಿಗೆ ರಾತ್ರಿ 10ಕ್ಕೇ ಬಾಗಿಲು ತೆರೆದಿರಬೇಕು, ಅಲ್ವಾ?

ಸ್ಟ್ರೈಕರ್

ಬೋರ್ಡಿನ ವಿಷಯ ನಾನು ಹೇಳುತ್ತೇನೆ. ಉಬ್ಬಿದ ಮೂಲೆ ಸರಿಹೋಗಲ್ಲ. ಅದರ ಮೇಲೆ ಎಷ್ಟು ಪೌಡರ್ ಹಾಕಿದರೂ ಕಾಯಿನ್ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಮಕ್ಕಳು ಕಲಿಯಲು ಇರಲಿ, ಹೊಸದು ಎರಡು ತನ್ನಿ. ಒಂದೇ ತಂದರೆ ಮತ್ತೆ ಅದೇ ಕತೆ.

ಆಡುವ ಜಾಗ 74 ಸೆಂಟಿಮೀಟರ್ ಚೌಕ ಇರಬೇಕು. ಅದಕ್ಕಿಂತ ಚಿಕ್ಕದು ಮಕ್ಕಳ ಬೋರ್ಡ್, ದೊಡ್ಡವರ ಕೈ ಅದರಲ್ಲಿ ಕೂರುವುದಿಲ್ಲ. ಸ್ಟ್ರೈಕರ್ 15 ಗ್ರಾಂ ಮೀರಬಾರದು. ತೂಕ ಜಾಸ್ತಿ ಇದ್ದರೆ ಹೊಡೆತ ಜೋರಾಗುತ್ತದೆ ಅಂತ ಹುಡುಗರು ಭಾರದ್ದನ್ನೇ ತರುತ್ತಾರೆ, ಆಮೇಲೆ ಕಾಯಿನ್ ಒಡೆಯುತ್ತವೆ. ನಾಲ್ಕು ಜನ ಮೊಣಕೈ ಆಡಿಸಲು ಒಂದು ಬೋರ್ಡಿಗೆ 8 ಅಡಿ ಚೌಕ ಬೇಕು. ನಿಮ್ಮ ಕೋಣೆಯ ಉದ್ದಕ್ಕೆ ಎರಡು ಬೋರ್ಡ್ ಹಿಡಿಸಿ, ಕೊನೆಗೆ 4 ಅಡಿ ಉಳಿಯುತ್ತದೆ. ಅಲ್ಲಿ ಪುಸ್ತಕದ ಕಪಾಟು ಇಡಬಹುದು. ಬೆಳಕು ಬೋರ್ಡಿನ ನಡುಮಧ್ಯಕ್ಕೆ ಮೇಲಿನಿಂದ ಬೀಳಬೇಕು. ಗೋಡೆಯ ಟ್ಯೂಬ್‌ಲೈಟ್ ಒಂದೇ ಇದ್ದರೆ ಆಡುವವನ ಕೈ ನೆರಳು ಅವನ ಕಾಯಿನ್ ಮೇಲೇ ಬೀಳುತ್ತದೆ.

ಬೋರ್ಡನ್ನು ಒದ್ದೆ ಬಟ್ಟೆಯಿಂದ ಯಾವತ್ತೂ ಒರೆಸಬೇಡಿ. ಒಣ ಹತ್ತಿ ಬಟ್ಟೆ ಸಾಕು. ಬೋರಿಕ್ ಪೌಡರ್ ಬಳಸಿದರೆ ಚಿಟಿಕೆಯಷ್ಟೇ. ಅದು ಹೊಟ್ಟೆಗೆ ಹೋಗಬಾರದು, ಆಟ ಮುಗಿದ ಮೇಲೆ ಮಕ್ಕಳಿಗೆ ಕೈ ತೊಳೆಯಲು ಹೇಳಿ. ರಾತ್ರಿ ಬೋರ್ಡನ್ನು ನೆಲಕ್ಕೆ ತಾಗಿಸಿ ನಿಲ್ಲಿಸದೆ, ಗೋಡೆಗೆ ಎರಡು ಮೊಳೆ ಹೊಡೆದು ಮೇಲೆ ಇಡಿ.

ಇನ್ನು ನಿಮ್ಮ ಚಿಂತೆ. ಪಂದ್ಯಾವಳಿಯಲ್ಲಿ ಒಂದು ಗೇಮ್ ಅಂದರೆ 25 ಪಾಯಿಂಟ್ ಅಥವಾ 8 ಬೋರ್ಡ್ (ಒಂದು ಸುತ್ತಿನ ಆಟಕ್ಕೂ ಬೋರ್ಡ್ ಅಂತಲೇ ಅನ್ನುತ್ತಾರೆ). ಅದು ಪಂದ್ಯಾವಳಿಗೆ ಸರಿ, ಕಾಲೊನಿಗೆ ಅಲ್ಲ. ನಮ್ಮಲ್ಲಿ ಒಂದೇ ಸುತ್ತಿನ ಆಟ, ಗೆದ್ದವರೂ ಏಳಬೇಕು, ಸೋತವರೂ ಏಳಬೇಕು. ಗೆದ್ದವನು ಕೂತೇ ಇರಬಹುದು ಅಂತ ಬಿಟ್ಟರೆ ಒಳ್ಳೇ ಆಟಗಾರರು ಸಂಜೆಯಿಡೀ ಏಳುವುದಿಲ್ಲ. ಅದೇ ನಾಲ್ಕು ಮುಖ ಎದುರುಬದುರು ಗಂಟೆಗಟ್ಟಲೆ ಕೂತರೆ ಸುಮ್ನೆ ಆಡುವುದು ಬೇಜಾರಾಗಿ ದುಡ್ಡು ಕಟ್ಟೋಣ ಅನ್ನಿಸುತ್ತದೆ. ಎದ್ದು ಹೋಗಿ ಸರತಿಯಲ್ಲಿ ನಿಲ್ಲಬೇಕು ಅಂದರೆ ಜೂಜಿಗೆ ಸಮಯವೇ ಸಿಗಲ್ಲ. ಕಾಯಿನ್ 19 ಇವೆಯಾ ಅಂತ ಪ್ರತಿ ರಾತ್ರಿ ಎಣಿಸಿ ಡಬ್ಬಿ ಮುಚ್ಚಿ. 9 ಕಪ್ಪು, 9 ಬಿಳಿ, 1 ಕೆಂಪು.

ಟೈಲರಿಂಗ್ ಅಕ್ಕ

ಅಣ್ಣಾ, ನಿಮ್ಮ ಪ್ರಶ್ನೆಯಲ್ಲಿ ಹೆಂಗಸರ ಮಾತು ಒಂದು ಸಾಲಿನಲ್ಲಿ ಬಂದು ಹೋಯಿತು. ಉತ್ತರ ಕೊಟ್ಟ ಇಬ್ಬರೂ ಅದನ್ನು ಎತ್ತಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹೇಳಿ, ಬಾಗಿಲ ಪಕ್ಕ ಬೆಂಚು ಇದೆಯಾ? ಇದ್ದರೆ ತೆಗೆಸಿ. ಗಂಡಸರು ಸಾಲಾಗಿ ಕೂತ ಬೆಂಚನ್ನು ದಾಟಿ ಒಳಗೆ ಹೋಗಿ ಆಟ ಆಡುವ ಹೆಂಗಸು ಯಾವ ಕಾಲೊನಿಯಲ್ಲೂ ಇಲ್ಲ. ಒಳಗೆ ಏನಿಟ್ಟಿದ್ದೀರಿ ಅನ್ನುವುದು ಆಮೇಲಿನ ಮಾತು.

ಎರಡನೇದು ಬೀಗದ ಕೈ. "ಯಾರು ಬೇಕಾದರೂ ಬರಬಹುದು, ಕೈ ನಮ್ಮ ಹತ್ತಿರ ಇದೆ, ಕೇಳಿ ತಗೊಳ್ಳಿ" ಅಂದರೆ ಯಾರೂ ಕೇಳಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳು. ನಮ್ಮ ಕಾಲೊನಿಯಲ್ಲಿ ಬೀಗದ ಕೈಯ ಒಂದು ನಕಲು ಮಾಡಿಸಿ ನಮಗೇ ಕೊಡಿ ಅಂತ ಹಟ ಹಿಡಿದೆವು. ವಾರಕ್ಕೆ ಮೂರು ಮಧ್ಯಾಹ್ನ ನಮ್ಮದು. ಮೊದಲ ದಿನ ಒಂಬತ್ತು ಜನ ಬಂದರು. ಯಾರೂ ಏನೂ ಆಡಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿ ಕೂತೆವು. ದಿನವಿಡೀ ಮೆಷಿನ್ನಿನ ಪೆಡಲ್ ಮೇಲೆ ಪಾದ ಇಟ್ಟವರು ನಾವು, ಮನೆಗೆ ಹೋದರೆ ನಿಂತೇ ಕೆಲಸ. ಕಾಲು ಚಾಚಿದರೆ ಯಾರೂ ಏನೂ ಕೇಳದ ಜಾಗ ಅಂತ ನಮಗೆ ಅದುವರೆಗೆ ಇರಲೇ ಇಲ್ಲ. "ಇವರು ಏನೂ ಮಾಡಲ್ಲ, ಸುಮ್ನೆ ಕೂರುತ್ತಾರೆ, ಕೋಣೆ ಯಾಕೆ" ಅಂತ ಒಬ್ಬರು ಅಂದರು. ಸುಮ್ನೆ ಕೂರುವುದೂ ಬಿಡುವೇ ಅಣ್ಣಾ. ನಾಲ್ಕನೇ ವಾರ ಒಬ್ಬಳು ಚೆಸ್ ಬೋರ್ಡ್ ಕೈಗೆತ್ತಿಕೊಂಡು ಕುದುರೆ ಹೇಗೆ ನಡೆಯುತ್ತದೆ ಅಂತ ಕೇಳಿದಳು. ಈಗ ಅವಳನ್ನು ಸೋಲಿಸುವವರಿಲ್ಲ.

ಮೂರನೇದು ಪುಸ್ತಕ. ಮೆಲ್ಲಗೆ ಕೇಳಿದ ಆ ಇಬ್ಬರ ಮಾತನ್ನು ಜೋರಾಗಿ ತಗೊಳ್ಳಿ. ಪುಸ್ತಕ ಇರುವುದು ಬಳಸುವುದಕ್ಕೆ, ಇದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದು. ಗಾಜಿನ ಕಪಾಟಿಗೆ ಬೀಗ ಹಾಕಿಟ್ಟರೆ ಅದು ಬಳಕೆ ಅಲ್ಲ. ತೆರೆದ ಹಲಗೆ ಸಾಕು. ಕಳೆದುಹೋದರೆ ಹೋಗಲಿ, ಯಾರದೋ ಮನೆಯಲ್ಲಿ ಯಾರೋ ಓದುತ್ತಾರೆ.

ಒಂದು ಉದಾಹರಣೆ ಹೇಳಿ ನಿಲ್ಲಿಸುತ್ತೇನೆ. ವಿಯೆನ್ನಾದಲ್ಲಿ ಕಾರ್ಲ್ ಮಾರ್ಕ್ಸ್ ಹೋಫ್ ಅಂತ ಕಾರ್ಮಿಕರ ವಸತಿ ಇದೆ. 1927ರಲ್ಲಿ ಕಟ್ಟಲು ಶುರು ಮಾಡಿ 1930ರಲ್ಲಿ ಮುಗಿಸಿದರು, 1,382 ಮನೆ. ಅಲ್ಲಿ ಗ್ರಂಥಾಲಯ ಒಂದನ್ನೇ ಕಟ್ಟಲಿಲ್ಲ. ಎಲ್ಲರಿಗೂ ಸೇರಿ ಬಟ್ಟೆ ಒಗೆಯುವ ಮನೆ, ಶಿಶುವಿಹಾರ ಕೂಡ ಕಟ್ಟಿದರು. ಮನೆಗೆಲಸ ಸ್ವಲ್ಪ ಹಗುರಾದರೆ ತಾನೆ ಹೆಂಗಸಿನ ಕೈಗೆ ಪುಸ್ತಕ ಬರುವುದು? ನಿಮ್ಮ ಕೈಯಲ್ಲಿ ಅದೆಲ್ಲ ಇಲ್ಲ, ನನಗೆ ಗೊತ್ತು. ಆದರೆ ಮಕ್ಕಳನ್ನು ಒಂದು ಗಂಟೆ ಅಂಗಳದಲ್ಲಿ ಯಾರಾದರೂ ದೊಡ್ಡವರು ನೋಡಿಕೊಂಡರೆ, ಆ ಒಂದು ಗಂಟೆ ತಾಯಂದಿರಿಗೆ ಸಿಗುತ್ತದೆ. ಅದು ನಿಮ್ಮ ಕೈಯಲ್ಲಿದೆ.

ಸಿ ಬ್ಲಾಕಿನವನು

ಅಕ್ಕಾ, ಬೆಂಚು ಇದೆ. ಹೋದ ವಾರ ನಾನೇ ನಿಂತು ಹಾಕಿಸಿದ್ದು. ಮುದುಕರಿಗೆ ಆಗುತ್ತದೆ ಅಂತ ಒಳ್ಳೇ ಮನಸ್ಸಿನಿಂದಲೇ ಹಾಕಿಸಿದೆ, ನೀವು ಹೇಳಿದ್ದು ಹೊಳೆದಿರಲಿಲ್ಲ. ರಾತ್ರಿ ಮನೆಯಲ್ಲಿ ನಿಮ್ಮ ಮಾತು ಓದಿ ಹೇಳಿದೆ. ನನ್ನ ಹೆಂಡತಿ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಅವರು ಯಾರೋ, ನಮ್ಮ ಕಾಲೊನಿ ನೋಡಿದ್ದಾರಾ" ಅಂತ ಕೇಳಿದಳು. ಬೆಂಚನ್ನು ನಾಳೆಯೇ ಟ್ಯಾಂಕಿನ ಆಚೆ ಬದಿಯ ನೆರಳಿಗೆ ಹಾಕಿಸುತ್ತೇನೆ.

ಟೀವಿ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಅಂಗಳದ ಬಗ್ಗೆಯೂ.

ನಿವೃತ್ತ ಫಿಟ್ಟರ್

ತಮ್ಮಾ, ಟೀವಿ ಕೇಳುವವರನ್ನು ಕೀಳಾಗಿ ನೋಡಬೇಡ. ನಾನು ಒಬ್ಬನೇ ಇರುವವನು. ಮನೆಯಲ್ಲಿ ಒಂದು ದನಿ ಬೇಕು ಅಂತ ಟೀವಿ ಹಾಕಿಡುತ್ತೇನೆ. ಆದರೆ ಆ ಕೋಣೆಗೆ ಬೇಡ ಅಂತಲೇ ನನ್ನ ಮಾತು. ಟೀವಿ ಬಂದರೆ ಎಲ್ಲರ ಮುಖ ಒಂದೇ ಗೋಡೆಗೆ ತಿರುಗುತ್ತದೆ. ಕೇರಂ ಆಡುವವರಿಗೆ "ಶ್, ಸುಮ್ನಿರಿ" ಅಂತ ಶುರುವಾಗುತ್ತದೆ. ದೊಡ್ಡ ಮ್ಯಾಚ್ ಇದ್ದ ದಿನ ಯಾರದಾದರೂ ಮನೆಯ ಟೀವಿ ತಂದು ಅಂಗಳದಲ್ಲಿಟ್ಟು ನೋಡಿ. ಆ ಒಂದು ದಿನದ ಸಂಭ್ರಮ ದಿನಾ ನೋಡುವುದರಲ್ಲಿ ಇರಲ್ಲ.

ನೀವು ಟೀವಿಯಲ್ಲಿ ನೋಡುವ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡ ಇದೆಯಲ್ಲ, ಅದನ್ನು 1878ರಲ್ಲಿ ಕಟ್ಟಿದವರು ರೈಲ್ವೆ ಬೋಗಿ ವಿಭಾಗದ ಕೆಲಸಗಾರರು. ಆಗ ಅದರ ಹೆಸರು ನ್ಯೂಟನ್ ಹೀತ್. ಆರ್ಸೆನಲ್ 1886ರಲ್ಲಿ ಮದ್ದುಗುಂಡಿನ ಕಾರ್ಖಾನೆಯವರು ಕಟ್ಟಿದ್ದು. ಶಿಫ್ಟ್ ಮುಗಿಸಿ ಬಂದು ಆಡಿದ ನಮ್ಮಂಥವರೇ ಅವರು. ನಮ್ಮ ಕಾಲದಲ್ಲಿ ವರ್ಕ್‌ಶಾಪ್ ತಂಡ, ಫೌಂಡ್ರಿ ತಂಡ ಅಂತ ಇತ್ತು. ಆಡಲು ಆಗದ ನಾನು ಬೂಟಿನ ಅಡಿ ಹೊಲಿದು ಕೊಡುತ್ತಿದ್ದೆ. ಅದೂ ನನಗೆ ಆಟವೇ ಆಗಿತ್ತು.

ಅಂಗಳದ ಮೇಷ್ಟ್ರು

ಅಂಗಳದ ಲೆಕ್ಕ ನಾನು ಹೇಳುತ್ತೇನೆ. 60 ಅಡಿಗೆ 30 ಅಡಿ ಅಂದ ಕೂಡಲೇ ವಾಲಿಬಾಲ್ ಅನ್ನಿಸುತ್ತದೆ, ಯಾಕೆಂದರೆ ಕೋರ್ಟ್ 18 ಮೀಟರ್‌ಗೆ 9 ಮೀಟರ್, ಸರಿಯಾಗಿ ನಿಮ್ಮ ಅಂಗಳದಷ್ಟೇ. ಅಲ್ಲೇ ತೊಂದರೆ. ಗೆರೆಯ ಆಚೆ ಓಡಲು ಒಂದು ಅಡಿಯೂ ಇರುವುದಿಲ್ಲ. ಚೆಂಡಿನ ಹಿಂದೆ ಹೋದವನು ಟ್ಯಾಂಕಿನ ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ. ಕೋರ್ಟನ್ನು 14 ಮೀಟರ್‌ಗೆ 7 ಮೀಟರ್ ಮಾಡಿಕೊಳ್ಳಿ, ಒಂದೊಂದು ಕಡೆ ನಾಲ್ಕು ನಾಲ್ಕು ಜನ ಆಡಲಿ. ನೆಟ್ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್. ಕಂಬಕ್ಕೆ ಎರಡು ಎತ್ತರದಲ್ಲೂ ಕೊಕ್ಕೆ ಹಾಕಿಸಿ.

ದಣಿದ ಮೈಗೆ ವಾಲಿಬಾಲ್ ಒಳ್ಳೆಯದು ಅಂತ ನಾನು ಸುಮ್ನೆ ಹೇಳುತ್ತಿಲ್ಲ. ವಿಲಿಯಂ ಮಾರ್ಗನ್ 1895ರಲ್ಲಿ ಈ ಆಟ ಕಟ್ಟಿದ್ದೇ ಬಾಸ್ಕೆಟ್‌ಬಾಲ್ ಓಟ ತಡೆಯಲಾಗದ ವಯಸ್ಸಾದವರಿಗಾಗಿ. ಎದುರಿನವನಿಗೆ ಮೈ ತಾಗುವುದಿಲ್ಲ, ನಿಂತ ಜಾಗದಲ್ಲೇ ಕೈಗೆ ಕೆಲಸ. ಬ್ಯಾಡ್ಮಿಂಟನ್ ಕೋರ್ಟ್ 13.40 ಮೀಟರ್‌ಗೆ 6.10 ಮೀಟರ್, ಅದೂ ಹಿಡಿಸುತ್ತದೆ. ಆದರೆ ಗರಿಯ ಶಟಲ್ 5 ಗ್ರಾಂ ಆಸುಪಾಸು. ಎರಡು ಕಟ್ಟಡಗಳ ನಡುವೆ ಗಾಳಿ ನುಗ್ಗುವ ಕಡೆ ಅದು ನಿಲ್ಲಲ್ಲ. ಬೆಳಗಿನ ಜಾವ ಮಾತ್ರ ಆಡಬಹುದು.

ಆದರೆ ಪೂರ್ತಿ ಅಂಗಳಕ್ಕೆ ಗೆರೆ ಎಳೆಯಬೇಡಿ. ಒಂದು ಮೂಲೆ ಚಿಕ್ಕ ಮಕ್ಕಳಿಗೆ ಬಿಡಿ. ಜಾರುಬಂಡೆ, ಉಯ್ಯಾಲೆ ಬೇಕಿಲ್ಲ. ಡೆನ್ಮಾರ್ಕಿನ ಸೋರೆನ್ಸನ್ ಅನ್ನುವವರು ಚಂದದ ಆಟದ ಮೈದಾನಗಳನ್ನು ಕಟ್ಟುತ್ತಿದ್ದರು. ಮಕ್ಕಳು ಅಲ್ಲಿಗಿಂತ ಜಾಸ್ತಿ ಕಟ್ಟಡ ಕಟ್ಟುವ ಜಾಗದ ಮರದ ತುಂಡು, ಇಟ್ಟಿಗೆಗಳ ಮಧ್ಯೆ ಆಡುವುದನ್ನು ಅವರು ಕಂಡರು. 1943ರಲ್ಲಿ ಕೋಪನ್‌ಹೇಗನ್ನಿನ ಎಮ್‌ಡ್ರಪ್‌ನಲ್ಲಿ, ಕಾರ್ಮಿಕರ ವಸತಿಯ ಮಗ್ಗುಲಲ್ಲೇ, ಗುಜರಿ ಸಾಮಾನು ಹಾಕಿದ ಮೈದಾನ ತೆರೆದರು. ಮಕ್ಕಳೇ ಅಲ್ಲಿ ಗುಡಿಸಲು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ನಿಮಗೆ ಒಂದು ಗಾಡಿ ಮರಳು, ನಾಲ್ಕು ಹಳೇ ಟೈರು, ಹಲಗೆ ಚೂರು ಸಾಕು. ಮೊಳೆ, ಗಾಜು ಇಲ್ಲದ ಹಾಗೆ ನೋಡಿಕೊಳ್ಳಿ. ಒಬ್ಬ ದೊಡ್ಡವರು ಅಲ್ಲೇ ಇರಲಿ, ಆದರೆ ಹೀಗೆ ಆಡು, ಹಾಗೆ ಆಡು ಅಂತ ಹೇಳುವುದು ಬೇಡ.

ಸಿ ಬ್ಲಾಕಿನವನು, ಏಳು ವಾರದ ನಂತರ

ಏನಾಯಿತು ಅಂತ ಬರೆಯುತ್ತೇನೆ ಅಂದಿದ್ದೆ.

ನಿದ್ದೆಯ ಪಟ್ಟಿ ಮಾಡಿದೆವು. ನನ್ನ ಮಗಳು ಮತ್ತು ಎ ಬ್ಲಾಕಿನ ಇಬ್ಬರು ಮಕ್ಕಳು 96 ಮನೆಗೂ ಹೋಗಿ ಬರೆದುಕೊಂಡು ಬಂದರು. ಬೆಳಿಗ್ಗೆ 8ರಿಂದ ಮಧ್ಯಾಹ್ನ 3ರವರೆಗೆ ಚೆಂಡು ಮುಟ್ಟುವಂತಿಲ್ಲ. ಆ ಹೊತ್ತಿಗೆ ಕೋಣೆ ಓದುವವರಿಗೆ, ಚೆಸ್‌ಗೆ. ಬೀಗದ ಕೈ ಮೂರು ಮಾಡಿಸಿದೆವು. ಒಂದು ಹೆಂಗಸರ ಹತ್ತಿರ, ಒಂದು ಸೆಕೆಂಡ್ ಶಿಫ್ಟಿನವರ ಹತ್ತಿರ, ಒಂದು ನಮ್ಮ ಹತ್ತಿರ. ಮಂಗಳವಾರ, ಗುರುವಾರ, ಶನಿವಾರ 3ರಿಂದ 5 ಹೆಂಗಸರದು. ಒಳಗೆ ಏನು ನಡೆಯುತ್ತದೆ ಅಂತ ನಾನು ಕೇಳಿಲ್ಲ. ಮೊದಲ ವಾರ ನಾಲ್ಕು ಜೊತೆ ಚಪ್ಪಲಿ ಬಾಗಿಲಲ್ಲಿತ್ತು, ಹೋದ ಶನಿವಾರ ಹದಿನೇಳು. ಆ ಎರಡು ಗಂಟೆ ಮರಳಿನ ಮೂಲೆಯಲ್ಲಿ ಇಬ್ಬರು ಅಜ್ಜಂದಿರು ಕೂರುತ್ತಾರೆ.

ಎರಡು ಬೋರ್ಡ್ ಬಂದವು. ಗೆದ್ದವರೂ ಏಳಬೇಕು ಅನ್ನುವ ನಿಯಮಕ್ಕೆ ಒಂದು ವಾರ ಗಲಾಟೆಯಾಯಿತು. ಹಳೇ ನಾಲ್ವರಲ್ಲಿ ಇಬ್ಬರು ಬರುವುದನ್ನು ಬಿಟ್ಟರು. ಒಬ್ಬರು ವಾಪಸ್ ಬಂದು ಈಗ ಹುಡುಗರಿಗೆ ಕಟ್ ಹೊಡೆಯುವುದು ಕಲಿಸುತ್ತಾರೆ. ಅವರ ಬೆರಳು ನೋಡಬೇಕು. ಉಗುರಿನಿಂದ ಅಲ್ಲ, ಬೆರಳ ತುದಿಯ ಮಾಂಸದಿಂದ ಸ್ಟ್ರೈಕರನ್ನು ಸುಮ್ನೆ ಸವರಿದ ಹಾಗೆ ತಳ್ಳುತ್ತಾರೆ. ಅದು ಎದುರಿನ ಅಂಚಿಗೆ ತಾಗಿ ಹಿಂದೆ ಬಂದು, ತಮ್ಮ ಬದಿಯಲ್ಲೇ ಪಾಕೆಟ್ ಬಾಯಲ್ಲಿ ನಿಂತ ಕಾಯಿನ್ನನ್ನು ಮೆಲ್ಲಗೆ ಒಳಗೆ ಹಾಕುತ್ತದೆ. ಹರಿದ ಬಲೆ ಹೆಣೆದಿದ್ದೂ ಅವರೇ ಅಂತ ಮೊನ್ನೆ ಗೊತ್ತಾಯಿತು. ಹಳೇ ಬೋರ್ಡ್ ಮಕ್ಕಳಿಗೆ ಇಟ್ಟುಕೊಂಡಿದ್ದೇವೆ.

ಬ್ಯಾಡ್ಮಿಂಟನ್ ನಡೆಯಲಿಲ್ಲ, ಮೇಷ್ಟ್ರು ಹೇಳಿದ ಹಾಗೆ ಗಾಳಿ. ಪುಸ್ತಕ 40 ಸೇರಿವೆ, ಆರು ಎಲ್ಲಿವೆಯೋ ಗೊತ್ತಿಲ್ಲ. ಇರಲಿ.

ಈಗ ಉಳಿದಿರುವುದು ಒಂದೇ. ಸೆಕೆಂಡ್ ಶಿಫ್ಟಿನವರು ರಾತ್ರಿ 10:20ಕ್ಕೆ ಬರುತ್ತಾರೆ, 11:30ರವರೆಗೆ ಕೇರಂ ಆಡುತ್ತಾರೆ, ಮಾತಾಡುವುದೂ ಪಿಸುದನಿಯಲ್ಲೇ. ಆದರೆ ಕಬ್ಬಿಣದ ಬಾಗಿಲು ಮುಚ್ಚುವಾಗ ಢಣ್ ಅನ್ನುತ್ತದೆ. ಬಿ ಬ್ಲಾಕಿನಲ್ಲಿ ಒಂದು ಎಳೇ ಮಗು ದಿನಾ ಅದಕ್ಕೇ ಎಚ್ಚರವಾಗುತ್ತಿದೆ. ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟೆವು, ಕಿರುಗುಟ್ಟುವುದು ನಿಂತಿತು, ಢಣ್ ನಿಂತಿಲ್ಲ. ಏನು ಮಾಡಬಹುದು?

ನಿವೃತ್ತ ಫಿಟ್ಟರ್

ಹಳೇ ಸೈಕಲ್ ಟ್ಯೂಬ್ ಇದ್ದರೆ ಉದ್ದಕ್ಕೆ ಸೀಳು. ಎರಡು ಬೆರಳು ಅಗಲದ ಪಟ್ಟಿ ಮಾಡಿ, ಬಾಗಿಲು ಬಡಿಯುವ ಕಡೆ ಚೌಕಟ್ಟಿಗೆ ಮೇಲಿನಿಂದ ಕೆಳಗಿನವರೆಗೂ ಅಂಟಿಸು. ಅದಕ್ಕೆ ಮುಂಚೆ ಮರಳುಕಾಗದದಿಂದ ತುಕ್ಕು ಚೆನ್ನಾಗಿ ಉಜ್ಜಿ ತೆಗೆ, ಇಲ್ಲದಿದ್ದರೆ ಎರಡೇ ದಿನಕ್ಕೆ ಕಿತ್ತು ಬರುತ್ತದೆ. ಚಿಲಕದ ತುದಿಗೂ ಒಂದು ಸುತ್ತು ಹಾಕು, ಸದ್ದಿನಲ್ಲಿ ಅರ್ಧ ಅದರದ್ದೇ. ಭಾನುವಾರ ಮಾಡಿ ಹೇಗಾಯಿತು ಅಂತ ಬರೆ.